ತಿರುಗುವ ಸ್ವಿಚ್ಚಿನ ಒಳಗುಟ್ಟು

(ಜವಳಗೇರಾದಲ್ಲಿ ಸಂಘದ ವಾರ್ಷಿಕ ಸಭೆಯ ಅಂಗವಾಗಿ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ತಂತ್ರಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಕೇಳಿಕೊಂಡಾಗ ನಾನು ರಾಕೆಟ್ಟನ್ನೋ ಕಂಪ್ಯೂಟರನ್ನೋ ಆರಿಸಿಕೊಳ್ಳುತ್ತೇನೆಂದು ಅವರು ಭಾವಿಸಿರಬಹುದು. ನಾನು ಆರಿಸಿಕೊಂಡದ್ದು ತಿರುಗಿಸುವ ಸ್ವಿಚ್ಚನ್ನು, ಅಂದರೆ ರೋಟರಿ ಸ್ವಿಚ್ಚನ್ನು. ಕಾರಣ ಸರಳ. ರಾಕೆಟ್ಟನ್ನು ನಮ್ಮಲ್ಲಿ ಯಾರೂ ಬಿಚ್ಚಿ ನೋಡಲಾರೆವು. ಇದನ್ನು ಇವತ್ತು ಸಂಜೆಯೇ ಒಂದು ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ನೋಡಬಹುದು. ಮನೆಗೆ ಹೋಗಿ ಎಣಿಸಿರಿ. ಫ್ಯಾನಿನ ರೆಗ್ಯುಲೇಟರ್ ಒಂದು, ಮಿಕ್ಸಿಯದು ಒಂದು, ನಮ್ಮ ರಾಯಚೂರು ಜಿಲ್ಲೆಯ ಬಿಸಿಲಿಗೆ ಅನಿವಾರ್ಯವಾದ ಏರ್ ಕೂಲರಿನದು ಇನ್ನೊಂದು. ಅಟ್ಟದ ಮೇಲೆ ಅಜ್ಜನ ಕಾಲದ ರೇಡಿಯೋ ಇದ್ದರೆ ಅದರ ಬ್ಯಾಂಡ್ ಸ್ವಿಚ್. ಸಿಂಧನೂರಿನ ಯಾವುದೇ ಅಕ್ಕಿ ಗಿರಣಿಗೆ ಹೋದರೂ ಪ್ಯಾನೆಲ್ ಬೋರ್ಡಿನ ಮೇಲೆ ಎರಡು ಕಪ್ಪು ನಾಬ್‌ಗಳು ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ.

ತಿರುಗಿಸಿದರೆ ‘ಟಕ್’ ಎನ್ನುತ್ತದೆ, ಒಂದು ಸ್ಥಾನದಿಂದ ಇನ್ನೊಂದಕ್ಕೆ ಹೋಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆ ಎರಡು ಸ್ಥಾನಗಳ ನಡುವೆ, ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ ಒಳಗೆ ಏನಾಗುತ್ತದೆ, ಏನಾಗಬಾರದು ಎಂಬುದನ್ನು ಯಾರೋ ಒಬ್ಬರು ಮೊದಲೇ ಕುಳಿತು ಯೋಚಿಸಿರುತ್ತಾರೆ, ಅಥವಾ ಯೋಚಿಸಿರುವುದಿಲ್ಲ. ಯೋಚಿಸದೇ ಇದ್ದಾಗ ಪೆಟ್ಟು ಬೀಳುವುದು ಅದನ್ನು ತಿರುಗಿಸುವವನಿಗೆ. ನಿಮ್ಮಲ್ಲಿ ಕೆಲವರು ಎಲೆಕ್ಟ್ರಿಷಿಯನ್ ತರಬೇತಿಗೆ ಹೋಗುವವರು, ಕೆಲವರು ಡಿಪ್ಲೊಮಾ, ಇಂಜಿನಿಯರಿಂಗ್ ಓದುವವರು. ತಿರುಗಿಸುವವರೂ ನೀವೇ, ಮುಂದೆ ವಿನ್ಯಾಸ ಮಾಡಬೇಕಾದವರೂ ನೀವೇ. ಆದ್ದರಿಂದ ಈ ವಿಷಯ.

ಮೊದಲು ಒಳಗೆ ಏನಿರುತ್ತದೆ ನೋಡೋಣ. ಮಧ್ಯದಲ್ಲಿ ಒಂದು ಕಡ್ಡಿ, ಅದಕ್ಕೆ ಶಾಫ್ಟ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು 6 ಮಿಲಿಮೀಟರ್ ದಪ್ಪ, ಹಳೆಯ ಇಂಗ್ಲಿಷ್ ಅಳತೆಯದಾದರೆ ಕಾಲು ಇಂಚು. ಕಡ್ಡಿಯ ಜೊತೆಗೆ ತಿರುಗುವ ಒಂದು ಬಿಲ್ಲೆ. ಬಿಲ್ಲೆಯ ಮೇಲೆ ಸವರಿಕೊಂಡು ಹೋಗುವ ಲೋಹದ ಎಲೆ. ಅದರ ಎದುರಿಗೆ ವೃತ್ತಾಕಾರದಲ್ಲಿ ಕದಲದೆ ನಿಂತ ಸಂಪರ್ಕ ಬಿಂದುಗಳು. ಇವಲ್ಲದೆ ಒಂದು ಹಲ್ಲಿನ ಚಕ್ರ, ಅದರ ಹಲ್ಲುಗಳ ನಡುವಿನ ತಗ್ಗಿಗೆ ಸ್ಪ್ರಿಂಗು ಒತ್ತಿ ಕೂರಿಸುವ ಉಕ್ಕಿನ ಗುಂಡು. ‘ಟಕ್’ ಎಂಬ ಸದ್ದು ಈ ಗುಂಡಿನದು. ಗುಂಡು ಹಲ್ಲಿನ ತುದಿಯಲ್ಲಿ ನಿಲ್ಲಲಾರದು, ಈ ಕಡೆಗಾದರೂ ಆ ಕಡೆಗಾದರೂ ಜಾರಲೇಬೇಕು. ಅಂದರೆ ನಾಬ್ ಅರ್ಧದಲ್ಲಿ ನಿಲ್ಲದಂತೆ ಕಾಯುವುದೇ ಅದರ ಕೆಲಸ. ಸ್ಪ್ರಿಂಗು ತೀರಾ ಸಡಿಲವಾದರೆ ಚೀಲದಲ್ಲಿ ಹೊತ್ತುಕೊಂಡು ಹೋಗುವಾಗಲೇ ನಾಬ್ ತಿರುಗಿಬಿಡುತ್ತದೆ. ತೀರಾ ಬಿಗಿಯಾದರೆ ಮುದುಕರ ಬೆರಳಿಗೆ ತಿರುಗುವುದಿಲ್ಲ, ತಿರುಗಿದರೂ ಒಂದರ ಬದಲು ಎರಡು ಸ್ಥಾನ ಹಾರಿಬಿಡುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕವಿದೆ, ವಿದ್ಯಾರ್ಥಿಗಳು ಗಮನಿಸಬೇಕು. ಒಂದು ಸುತ್ತಿಗೆ 360 ಡಿಗ್ರಿ. ಹನ್ನೆರಡು ಸ್ಥಾನ ಬೇಕೆಂದರೆ ಒಂದೊಂದಕ್ಕೆ 30 ಡಿಗ್ರಿ. ಪೇಟೆಯಲ್ಲಿ ಸಿಗುವ ಚಿಕ್ಕ ರೋಟರಿ ಸ್ವಿಚ್ಚುಗಳಲ್ಲಿ ಹೆಚ್ಚಿನವು ಈ ಹನ್ನೆರಡರ ಲೆಕ್ಕದವು. ಅದೇ ಹನ್ನೆರಡು ಬಿಂದುಗಳನ್ನು ಒಂದು ಸರ್ಕ್ಯೂಟಿಗೆ ಹನ್ನೆರಡು ಸ್ಥಾನವೆಂದು ಬಳಸಬಹುದು, ಎರಡು ಸರ್ಕ್ಯೂಟಿಗೆ ಆರಾರು, ಮೂರಕ್ಕೆ ನಾಲ್ಕು ನಾಲ್ಕು, ನಾಲ್ಕಕ್ಕೆ ಮೂರು ಮೂರು ಎಂದೂ ಹಂಚಬಹುದು. ಏಕಕಾಲಕ್ಕೆ ಎಷ್ಟು ಪ್ರತ್ಯೇಕ ಸರ್ಕ್ಯೂಟುಗಳು ಬದಲಾಗುತ್ತವೆಯೋ ಅಷ್ಟು ‘ಪೋಲ್’, ಒಂದೊಂದಕ್ಕೆ ಎಷ್ಟು ಆಯ್ಕೆಗಳಿವೆಯೋ ಅಷ್ಟು ‘ವೇ’. ಹಳೆಯ ರೇಡಿಯೋದಲ್ಲಿ ಮೀಡಿಯಂ ವೇವ್‌ನಿಂದ ಶಾರ್ಟ್ ವೇವ್‌ಗೆ ಹೋಗಬೇಕಾದರೆ ಆಂಟೆನಾದ ಸುರುಳಿಯೂ ಬದಲಾಗಬೇಕು, ಆಸಿಲೇಟರಿನ ಸುರುಳಿಯೂ ಅದೇ ಕ್ಷಣ ಬದಲಾಗಬೇಕು. ಒಂದೇ ಕಡ್ಡಿಗೆ ಹಲವು ಪೋಲುಗಳನ್ನು ಪೋಣಿಸಿದ್ದರಿಂದ ಅದು ಸಾಧ್ಯವಾಯಿತು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಅದಕ್ಕಾಗಿ ಅಕ್ಕಿ ಗಿರಣಿಯ ಆ ಎರಡು ಕಪ್ಪು ನಾಬ್‌ಗಳ ಮುಂದೆ ನಿಲ್ಲೋಣ. ಒಂದು ವೋಲ್ಟ್‌ಮೀಟರಿನದು. ಅದರ ಸುತ್ತ ಆರ್-ವೈ, ವೈ-ಬಿ, ಬಿ-ಆರ್, ಆಫ್ ಎಂದು ಬರೆದಿರುತ್ತದೆ. ಒಂದೇ ಮೀಟರಿನಲ್ಲಿ ಮೂರೂ ಫೇಸುಗಳ ನಡುವಿನ ವೋಲ್ಟೇಜನ್ನು ಸರದಿಯ ಮೇಲೆ ನೋಡಿಕೊಳ್ಳಲು ಅದು. ಇನ್ನೊಂದು ಆಮ್ಮೀಟರಿನದು. ಅದರ ಸುತ್ತ ಆರ್, ವೈ, ಬಿ, ಆಫ್ ಎಂದಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳಂತೆ. ಒಳಗೆ ಒಂದರ ಗುಣ ಇನ್ನೊಂದಕ್ಕೆ ತದ್ವಿರುದ್ಧ.

ವೋಲ್ಟ್‌ಮೀಟರಿನ ಸ್ವಿಚ್ಚು ಹಳೆಯ ಸಂಪರ್ಕವನ್ನು ಪೂರ್ತಿ ಬಿಟ್ಟ ಮೇಲೆಯೇ ಹೊಸದನ್ನು ಹಿಡಿಯಬೇಕು. ಬಿಡುವ ಮೊದಲೇ ಹಿಡಿದರೆ ಅದರ ಎಲೆ ಏಕಕಾಲಕ್ಕೆ ಎರಡು ಫೇಸುಗಳನ್ನು ಮುಟ್ಟುತ್ತದೆ. 415 ವೋಲ್ಟಿನ ಎರಡು ಫೇಸುಗಳು ಬೆರಳುಗಾತ್ರದ ಸ್ವಿಚ್ಚಿನೊಳಗೆ ಕೂಡಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಆಮ್ಮೀಟರಿನ ಸ್ವಿಚ್ಚು ಹೊಸದನ್ನು ಹಿಡಿದ ಮೇಲೆಯೇ ಹಳೆಯದನ್ನು ಬಿಡಬೇಕು. ಇದು ಏಕೆ? ಗಿರಣಿಯ ದೊಡ್ಡ ಮೋಟಾರುಗಳ ಕರೆಂಟನ್ನು ನೇರವಾಗಿ ಮೀಟರಿಗೆ ಕೊಡುವುದಿಲ್ಲ. ಒಂದೊಂದು ಫೇಸಿನ ಕೇಬಲ್ಲಿಗೂ ಉಂಗುರದಂಥ ಒಂದು ಕರೆಂಟ್ ಟ್ರಾನ್ಸ್‌ಫಾರ್ಮರನ್ನು ತೊಡಿಸಿರುತ್ತಾರೆ. ನಮ್ಮ ಮೆಕ್ಯಾನಿಕ್ಕುಗಳು ಅದನ್ನು ಸಿ.ಟಿ. ಎಂದು ಕರೆಯುತ್ತಾರೆ. ಕೇಬಲ್ಲಿನಲ್ಲಿ 100 ಆಂಪಿಯರ್ ಹರಿದರೆ ಅದು ಮೀಟರಿಗೆ 5 ಆಂಪಿಯರ್ ಕೊಡುತ್ತದೆ. ಈ ಸಿ.ಟಿ.ಗೆ ಒಂದು ಸ್ವಭಾವವಿದೆ. ಅದರ ಎರಡು ತಂತಿಗಳು ಮೀಟರಿಗಾದರೂ ಸೇರಿರಬೇಕು, ಇಲ್ಲವೇ ಪರಸ್ಪರ ಕೂಡಿಕೊಂಡಿರಬೇಕು. ಮೋಟಾರ್ ಓಡುತ್ತಿರುವಾಗ ಆ ತಂತಿ ತೆರೆದುಕೊಂಡರೆ, ಮೀಟರಿನಲ್ಲಿ ಹರಿಯಬೇಕಾದ ಕರೆಂಟಿಗೆ ದಾರಿ ಇಲ್ಲದೆ ಕೇಬಲ್ಲಿನ ಪೂರ್ತಿ ಕಾಂತಬಲ ಸಿ.ಟಿ.ಯ ಕಬ್ಬಿಣದ ಮೇಲೆ ಬೀಳುತ್ತದೆ, ತೆರೆದ ತುದಿಗಳ ನಡುವೆ ನೂರಾರು, ಕೆಲವೊಮ್ಮೆ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಐದು ಆಂಪಿಯರಿನ ಪಾಪದ ತಂತಿ ಎಂದು ಕೈಯಿಟ್ಟವನಿಗೆ ಅದು ಪ್ರಾಣಾಂತಿಕ. ಆದ್ದರಿಂದ ಈ ಸ್ವಿಚ್ಚು ತಿರುಗುವ ಒಂದು ಕ್ಷಣಕ್ಕೂ ಸಿ.ಟಿ.ಯ ದಾರಿ ಕಡಿಯಬಾರದು. ಮೀಟರಿಗೆ ಸೇರದ ಉಳಿದ ಎರಡು ಸಿ.ಟಿ.ಗಳನ್ನೂ ಅದು ತನ್ನೊಳಗೇ ಕೂಡಿಸಿಟ್ಟುಕೊಂಡಿರುತ್ತದೆ.

ಒಂದು ಕಡೆ ಎರಡು ಬಿಂದುಗಳು ಸೇರಿದರೆ ಅನಾಹುತ, ಇನ್ನೊಂದು ಕಡೆ ಸೇರದಿದ್ದರೆ ಅನಾಹುತ. ಈಗ ಊಹಿಸಿಕೊಳ್ಳಿ. ಸುಗ್ಗಿಯ ಹಂಗಾಮು. ಭತ್ತದ ಲಾರಿಗಳು ಸಾಲುಗಟ್ಟಿ ನಿಂತಿವೆ. ಆಮ್ಮೀಟರಿನ ಸ್ವಿಚ್ಚು ಕೆಟ್ಟಿದೆ. ಹುಡುಗನೊಬ್ಬ ಡಬ್ಬಿ ತಡಕಾಡಿ ಹಳೆಯ ವೋಲ್ಟ್‌ಮೀಟರ್ ಸ್ವಿಚ್ಚೊಂದನ್ನು ಹುಡುಕಿ ತರುತ್ತಾನೆ. ಅದೇ ಗಾತ್ರ, ಅದೇ ರಂಧ್ರ, ನಾಲ್ಕೇ ಸ್ಥಾನ. ಬೇಗ ಕೂರಿಸು ಎಂದು ಮಾಲೀಕರ ಒತ್ತಾಯ. ಆ ಹುಡುಗನಿಗೆ ಈ ಭೇದವನ್ನು ಯಾರಾದರೂ ಮೊದಲೇ ಹೇಳಿಕೊಟ್ಟಿದ್ದಾರೆಯೇ ಎಂಬುದರ ಮೇಲೆ ಅವನ ಆ ದಿನದ ಆಯುಸ್ಸು ನಿಂತಿದೆ. ಇಂಗ್ಲಿಷಿನಲ್ಲಿ ಬರೆದ ಕೈಪಿಡಿ ಪೆಟ್ಟಿಗೆಯೊಳಗೆ ಇದ್ದರೆ ಸಾಲದು, ಇದನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ಹಾಗಾಗಿಯೇ ಇಷ್ಟು ಹೊತ್ತು ಇಲ್ಲಿ ನಿಂತೆ.

ಮಲ್ಟಿಮೀಟರಿಗೆ ಬರೋಣ. ವಿದ್ಯಾರ್ಥಿಗಳು ಮೊದಲು ಕೊಳ್ಳುವ ಉಪಕರಣ ಅದು. ಕೆಲವೇ ನೂರು ರೂಪಾಯಿಗೆ ಸಿಗುವ ಹಳದಿ ಬಣ್ಣದ ಮೀಟರನ್ನು ನೀವೆಲ್ಲ ನೋಡಿದ್ದೀರಿ. ಅದರ ನಾಬಿಗೆ ಇಪ್ಪತ್ತು ಸ್ಥಾನಗಳು, ಒಂದೊಂದಕ್ಕೆ 18 ಡಿಗ್ರಿ. ಒಳಗೆ ಪ್ರತ್ಯೇಕ ಸ್ವಿಚ್ಚೇ ಇಲ್ಲ. ಸರ್ಕ್ಯೂಟ್ ಬೋರ್ಡಿನ ಮೇಲೆಯೇ ತಾಮ್ರದ ಗೆರೆಗಳನ್ನು ವೃತ್ತಗಳಾಗಿ ಬರೆದು, ನಾಬಿನ ತಳಕ್ಕೆ ಬಾಗಿದ ಲೋಹದ ಎಲೆಗಳನ್ನು ಸಿಕ್ಕಿಸಿ, ಆ ಎಲೆಗಳು ಗೆರೆಗಳ ಮೇಲೆ ಸವರಿಕೊಂಡು ಹೋಗುವಂತೆ ಮಾಡಿದ್ದಾರೆ. ಬಹಳ ಜಾಣತನದ, ಬಹಳ ಅಗ್ಗದ ವಿನ್ಯಾಸ. ಅದರ ಬಗ್ಗೆ ನನಗೆ ಗೌರವವಿದೆ.

ಆದರೆ ಅದರಲ್ಲಿ ಒಂದು ಕುತ್ತು ಇದೆ. ಏನನ್ನು ಅಳೆಯುತ್ತೇವೆ ಎಂಬುದನ್ನು ನಾಬ್ ಒಂದೇ ತೀರ್ಮಾನಿಸುವುದಿಲ್ಲ, ಕೆಂಪು ತಂತಿಯನ್ನು ಯಾವ ತೂತಿಗೆ ಸಿಕ್ಕಿಸಿದ್ದೇವೆ ಎಂಬುದೂ ತೀರ್ಮಾನಿಸುತ್ತದೆ. ಹತ್ತು ಆಂಪಿಯರಿನ ತೂತಿನ ಹಿಂದೆ ಇರುವುದು ಒಂದು ದಪ್ಪ ತಂತಿಯ ತುಂಡು, ಅದರ ರೋಧ ಒಂದು ಓಮಿನ ನೂರನೇ ಒಂದು ಭಾಗದಷ್ಟು. ಆ ತೂತಿಗೆ ಫ್ಯೂಸ್ ಇಲ್ಲವೆಂದು ಅಗ್ಗದ ಮೀಟರುಗಳ ಮೇಲೆಯೇ ಬರೆದಿರುತ್ತದೆ. ಬೆಳಿಗ್ಗೆ ಯಾರೋ ಬ್ಯಾಟರಿಯ ಕರೆಂಟು ಅಳೆದು ತಂತಿಯನ್ನು ಅಲ್ಲೇ ಬಿಟ್ಟಿರುತ್ತಾರೆ. ಮಧ್ಯಾಹ್ನ ಇನ್ನೊಬ್ಬರು ಬಂದು ನಾಬನ್ನು 750 ವೋಲ್ಟಿಗೆ ತಿರುಗಿಸಿ, ಎಲ್ಲ ಸರಿ ಇದೆ ಎಂದುಕೊಂಡು, ಗೋಡೆಯ ಪ್ಲಗ್ಗಿಗೆ ಚುಚ್ಚುತ್ತಾರೆ. ನಾಬ್ ‘ವೋಲ್ಟ್’ ಎನ್ನುತ್ತಿದೆ, ತೂತು ‘ಆಂಪಿಯರ್’ ಎನ್ನುತ್ತಿದೆ, ಕರೆಂಟು ತೂತಿನ ಮಾತನ್ನೇ ಕೇಳುತ್ತದೆ. ಚುಚ್ಚಿದ ಮೊನೆ ಕಿಡಿಯಾಗಿ ಸಿಡಿಯುತ್ತದೆ.

ಇಂಥ ಸಂದರ್ಭದಲ್ಲಿ ಹುಡುಗನನ್ನು ಬೈಯುವುದು ರೂಢಿ. ನನ್ನ ದೃಷ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು ಮೀಟರಿನದೇ. ಏಕೆಂದರೆ ಇದಕ್ಕೆ ಪರಿಹಾರ ಈಗಾಗಲೇ ಇದೆ. ಕೆಲವು ಉತ್ತಮ ಮೀಟರುಗಳಲ್ಲಿ ನಾಬಿನ ಜೊತೆಗೇ ಒಳಗೊಂದು ಮುಚ್ಚಳ ತಿರುಗುತ್ತದೆ. ನಾಬನ್ನು ವೋಲ್ಟಿಗೆ ಇಟ್ಟರೆ ಆಂಪಿಯರಿನ ತೂತು ಮುಚ್ಚಿಕೊಳ್ಳುತ್ತದೆ, ತಂತಿ ಅಲ್ಲಿ ಸಿಕ್ಕಿಕೊಂಡಿದ್ದರೆ ನಾಬ್ ತಿರುಗುವುದೇ ಇಲ್ಲ. ಒಂದು ಪ್ಲಾಸ್ಟಿಕ್ ತುಂಡು ಮಾಡುವ ಕೆಲಸ ಇದು. ಪಾಲಿಟೆಕ್ನಿಕ್ಕಿನಲ್ಲಿ ಪ್ರಾಜೆಕ್ಟಿಗೆ ವಿಷಯ ಸಿಗುತ್ತಿಲ್ಲ ಎನ್ನುವವರು ಅಗ್ಗದ ಮೀಟರಿಗೆ ಅಂಥ ಮುಚ್ಚಳವೊಂದನ್ನು ಮಾಡಿ ತೋರಿಸಿದರೆ ನಾನೇ ಬಂದು ನೋಡುತ್ತೇನೆ.

ಸಂಪರ್ಕಕ್ಕೆ ಯಾವ ಲೋಹ ಎಂಬುದೂ ವಿನ್ಯಾಸದ ಭಾಗ. ಲೋಹಗಳಲ್ಲಿ ವಿದ್ಯುತ್ತನ್ನು ಎಲ್ಲಕ್ಕಿಂತ ಚೆನ್ನಾಗಿ ಹರಿಸುವುದು ಬೆಳ್ಳಿ. ಆದರೆ ಮನೆಯಲ್ಲಿ ಕಾಲ್ಗೆಜ್ಜೆ ಕಪ್ಪಾಗುವುದನ್ನು ಕಂಡಿದ್ದೀರಿ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಮೇಲೆ ಕರಿಪೊರೆ ಕಟ್ಟುತ್ತದೆ. ಸ್ವಿಚ್ಚಿನೊಳಗೂ ಅದೇ ನಡೆಯುತ್ತದೆ. ಮಿಕ್ಸಿಯಂಥ ದೊಡ್ಡ ಕರೆಂಟಿನ ಕಡೆ ಸಣ್ಣ ಕಿಡಿ ಎದ್ದು ಆ ಪೊರೆ ತಾನೇ ಸುಟ್ಟುಹೋಗುತ್ತದೆ. ರೇಡಿಯೋದಲ್ಲಿ, ಮೀಟರಿನಲ್ಲಿ ಹರಿಯುವುದು ತೀರಾ ಸಣ್ಣ ಕರೆಂಟು, ಪೊರೆಯನ್ನು ಭೇದಿಸುವ ಶಕ್ತಿ ಅದಕ್ಕಿಲ್ಲ. ಅಂಥ ಕಡೆ ಚಿನ್ನದ ಲೇಪ ಕೊಡುತ್ತಾರೆ, ಚಿನ್ನ ಕಪ್ಪಾಗುವುದಿಲ್ಲ. ಹಾಗೆಂದು ಚಿನ್ನವೇ ಶ್ರೇಷ್ಠವೆಂದು ಮಿಕ್ಸಿಗೆ ಹಾಕಿದರೆ ಆ ತೆಳು ಲೇಪ ಕಿಡಿಗೆ ಬೇಗನೆ ಹಾರಿಹೋಗುತ್ತದೆ. ಹಳೆಯ ರೇಡಿಯೋ ಕರಕರ ಎಂದಾಗ ಬ್ಯಾಂಡ್ ಸ್ವಿಚ್ಚನ್ನು ನಾಲ್ಕು ಬಾರಿ ಆಚೆ ಈಚೆ ತಿರುಗಿಸಿದರೆ ಮತ್ತೆ ಹಾಡುತ್ತಿತ್ತು, ಹಿರಿಯರಿಗೆ ನೆನಪಿರಬಹುದು. ಎಲೆ ಸವರಿದಾಗ ಪೊರೆ ಉಜ್ಜಿ ಹೋಗುತ್ತದೆ, ಅಷ್ಟೇ. ಪೆಟ್ರೋಲ್ ಸುರಿದು ತೊಳೆಯುವವರೂ ಇದ್ದರು. ಕೊಳೆಯ ಜೊತೆಗೆ ಗುಂಡಿನ ಜಿಡ್ಡೂ ಹೋಗಿ ಸ್ವಲ್ಪ ದಿನಕ್ಕೆ ನಾಬ್ ಬಿಗಿಯುತ್ತಿತ್ತು.

ಇನ್ನು ಯಾವ ಸ್ಥಾನದ ಪಕ್ಕ ಯಾವುದು ಇರಬೇಕು ಎಂಬ ಪ್ರಶ್ನೆ. ಇದರಲ್ಲಿ ನಮ್ಮ ಅಡುಗೆಮನೆಯೇ ಪಾಠಶಾಲೆ. ಮಿಕ್ಸಿಯ ನಾಬನ್ನು ನೋಡಿ. ಸೊನ್ನೆ ಮಧ್ಯದಲ್ಲಿದೆ. ಬಲಕ್ಕೆ ತಿರುಗಿಸಿದರೆ ಒಂದು, ಎರಡು, ಮೂರು ಎಂದು ವೇಗ ಏರುತ್ತದೆ. ಮೋಟಾರಿನ ಫೀಲ್ಡ್ ಸುರುಳಿಯ ಬೇರೆ ಬೇರೆ ತುದಿಗಳನ್ನು ಸ್ವಿಚ್ಚು ಆರಿಸಿಕೊಳ್ಳುವುದರಿಂದ ಹಾಗಾಗುತ್ತದೆ. ಎಡಕ್ಕೆ ತಿರುಗಿಸಿ ಹಿಡಿದರೆ ಪೂರ್ತಿ ವೇಗ, ಕೈಬಿಟ್ಟರೆ ಸ್ಪ್ರಿಂಗು ಎಳೆದು ತಾನಾಗಿ ಸೊನ್ನೆಗೆ ಬರುತ್ತದೆ. ಗಾಬರಿಯಾದ ಮನುಷ್ಯ ಮೊದಲು ಮಾಡುವ ಕೆಲಸ ಕೈಬಿಡುವುದು. ಕೈಬಿಟ್ಟೊಡನೆ ಯಂತ್ರ ನಿಲ್ಲಬೇಕು ಎಂಬುದು ಬಹಳ ದೊಡ್ಡ ತತ್ವ, ಅದು ನಮ್ಮ ಅಮ್ಮಿಯವರ ಕೈಯಲ್ಲಿ ದಿನವೂ ಇದೆ. ಗ್ಯಾಸ್ ಒಲೆಯ ನಾಬ್ ವಿದ್ಯುತ್ತಿನದಲ್ಲದಿದ್ದರೂ ಇಲ್ಲಿ ನೆನೆಯಬೇಕು. ಒತ್ತಿ ತಿರುಗಿಸಿದರೆ ಮೊದಲು ದೊಡ್ಡ ಉರಿ, ಆಮೇಲೆ ಸಣ್ಣ ಉರಿ. ಸಣ್ಣದರಿಂದ ದೊಡ್ಡದಕ್ಕೆ ಹೋಗುವುದು ಸಹಜ ಕ್ರಮವಲ್ಲವೇ ಎಂದು ನೀವು ಕೇಳಬಹುದು. ಆದರೆ ಹಚ್ಚುವಾಗ ಅನಿಲ ಸಾಕಷ್ಟು ಇರಬೇಕು, ಇಲ್ಲದಿದ್ದರೆ ಹತ್ತಿಕೊಳ್ಳದೆ ಸೋರುತ್ತದೆ.

ಫ್ಯಾನಿನ ರೆಗ್ಯುಲೇಟರಿನ ಕಥೆ ಬೇರೆ. ಹಳೆಯ ದಪ್ಪ ರೆಗ್ಯುಲೇಟರಿನೊಳಗೆ ತಂತಿ ಸುತ್ತಿದ ರೋಧಕ ಇತ್ತು. ವೇಗ ಕಡಿಮೆ ಮಾಡಿದಷ್ಟೂ ಅದು ಬಿಸಿಯಾಗುತ್ತಿತ್ತು, ಉಳಿಸಿದೆವೆಂದುಕೊಂಡ ಕರೆಂಟಿನಲ್ಲಿ ಒಂದು ಪಾಲು ಗೋಡೆಯನ್ನು ಕಾಯಿಸಲು ಹೋಗುತ್ತಿತ್ತು. ಈಗಿನ ಹಂತಹಂತದ ರೆಗ್ಯುಲೇಟರುಗಳಲ್ಲಿ ನಾಬ್ ಆರಿಸುವುದು ಕೆಪಾಸಿಟರುಗಳನ್ನು, ಅವು ಬಿಸಿಯಾಗುವುದಿಲ್ಲವೆಂದೇ ಹೇಳಬೇಕು. ಹೊರಗಿನ ನಾಬ್ ಮೊದಲಿನಂತೆಯೇ ಉಳಿದು ಒಳಗಿನದೆಲ್ಲ ಬದಲಾಯಿತು. ಬಳಸುವವರು ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ.

ಕರೆಂಟು ಹೋಗಿ ಬರುವ ನಮ್ಮ ಕಡೆಗೆ ವಿಶೇಷವಾಗಿ ಒಂದು ಮಾತು. ತಿರುಗಿಸುವ ಸ್ವಿಚ್ಚು ಕರೆಂಟು ಹೋದರೂ ಇದ್ದಲ್ಲೇ ಇರುತ್ತದೆ. ಫ್ಯಾನಿಗೆ ಇದು ಅನುಕೂಲ, ಕರೆಂಟು ಬಂದ ಕೂಡಲೇ ಅದೇ ವೇಗದಲ್ಲಿ ತಿರುಗುತ್ತದೆ. ಮೇವು ಕತ್ತರಿಸುವ ಯಂತ್ರಕ್ಕೆ ಇದೇ ಗುಣ ಮೃತ್ಯುವಾಗಬಹುದು. ಕರೆಂಟು ಹೋಯಿತು, ಸಿಕ್ಕಿಕೊಂಡ ಸೊಪ್ಪೆಯನ್ನು ಬಿಡಿಸೋಣವೆಂದು ಕೈ ಹಾಕಿದೆವು, ನಾಬ್ ಮಾತ್ರ ‘ಆನ್’ನಲ್ಲೇ ಇದೆ. ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಕರೆಂಟು ಹೋದೊಡನೆ ಕಳಚಿಕೊಳ್ಳುವ ಸುರುಳಿ ಇರುವುದು ಇದಕ್ಕಾಗಿಯೇ, ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಅದು ಓಡದು. ಕತ್ತರಿಸುವ, ರುಬ್ಬುವ ಯಂತ್ರಕ್ಕೆ ಬರೀ ತಿರುಗಿಸುವ ಸ್ವಿಚ್ಚನ್ನು ಜೋಡಿಸಿಕೊಡುವ ಮೆಕ್ಯಾನಿಕ್ಕುಗಳಿಗೆ ದಯವಿಟ್ಟು ಇದನ್ನು ತಿಳಿಸಿರಿ.

ಕೈಯ ವೇಗದ ಬಗ್ಗೆಯೂ ಹೇಳಬೇಕು. ಬೆಂಗಳೂರಿನಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. (ನಮ್ಮ ಹುಡುಗರಿಗೆ ಐಟಿಐ ಎಂದರೆ ತರಬೇತಿ ಸಂಸ್ಥೆ, ಬೆಂಗಳೂರಿನ ಹಳಬರಿಗೆ ಐಟಿಐ ಎಂದರೆ ದೂರವಾಣಿನಗರದ ಈ ಕಾರ್ಖಾನೆ.) ದೇಶದ ಮನೆ, ಕಚೇರಿಗಳಿಗೆ ಅಲ್ಲಿಂದ ಬಂದ ಕಪ್ಪು ಫೋನುಗಳಲ್ಲಿ ಬೆರಳು ಹಾಕಿ ತಿರುಗಿಸುವ ಡಯಲ್ ಇತ್ತು. ಅದೂ ತಿರುಗುವ ಸ್ವಿಚ್ಚೇ. ಏಳನ್ನು ತಿರುಗಿಸಿ ಬಿಟ್ಟರೆ ಏಳು ಬಾರಿ, ಸೊನ್ನೆಯನ್ನು ತಿರುಗಿಸಿ ಬಿಟ್ಟರೆ ಹತ್ತು ಬಾರಿ ಲೈನು ಕಡಿದು ಕೂಡುತ್ತಿತ್ತು. ಆ ಎಣಿಕೆಯ ಪ್ರಕಾರ ಎಕ್ಸ್‌ಚೇಂಜಿನಲ್ಲಿ ಒಂದು ಯಂತ್ರ ಮೇಲೇರಿ, ಆಮೇಲೆ ತಿರುಗಿ, ನೂರು ಸಂಪರ್ಕಗಳಲ್ಲಿ ಒಂದನ್ನು ಹುಡುಕಿ ಹಿಡಿಯುತ್ತಿತ್ತು. ಇದರಲ್ಲಿ ಸೊಗಸೆಂದರೆ ನಾವು ತಿರುಗಿಸುವಾಗ ಏನೂ ಆಗುತ್ತಿರಲಿಲ್ಲ. ಕೈಬಿಟ್ಟ ಮೇಲೆ ಸ್ಪ್ರಿಂಗು ಹಿಂದಕ್ಕೆ ಎಳೆಯುವಾಗ, ವೇಗವನ್ನು ಹಿಡಿತದಲ್ಲಿಡುವ ಪುಟ್ಟ ಗವರ್ನರಿನ ನೆರವಿನಿಂದ, ಸೆಕೆಂಡಿಗೆ ಹತ್ತರಂತೆ ಎಣಿಕೆ ಹೋಗುತ್ತಿತ್ತು. ಮುದುಕರು ನಿಧಾನವಾಗಿ ತಿರುಗಿಸಲಿ, ಅವಸರದವರು ರಭಸದಿಂದ ತಿರುಗಿಸಲಿ, ಎಕ್ಸ್‌ಚೇಂಜಿಗೆ ತಲುಪುವುದು ಒಂದೇ ಲಯ. ಬಿಲ್ಲಿಗೆ ಹೆದರಿ ಡಯಲಿನ ತೂತಿಗೆ ಪುಟ್ಟ ಬೀಗ ಹಾಕುತ್ತಿದ್ದ ಮನೆಗಳೂ ಇದ್ದವು. ಜಾಣ ಹುಡುಗರು ರಿಸೀವರ್ ಇಡುವ ಕಡ್ಡಿಯನ್ನೇ ಎಣಿಸಿ ಎಣಿಸಿ ತಟ್ಟಿ ನಂಬರ್ ಹಚ್ಚುತ್ತಿದ್ದರು. ಎರಡೂ ಕಡೆ ಕಡಿದು ಕೂಡುವ ಕೆಲಸ ಒಂದೇ ತಾನೇ.

ಇದೇ ತತ್ವ ಇಂದು ಸೋಲಾರ್ ಪಂಪುಗಳಲ್ಲಿ ಜೀವ ಉಳಿಸುತ್ತಿದೆ. ಮನೆಯ ಎ.ಸಿ. ಕರೆಂಟು ಸೆಕೆಂಡಿಗೆ ನೂರು ಬಾರಿ ಸೊನ್ನೆಯನ್ನು ಮುಟ್ಟುತ್ತದೆ. ಆದ್ದರಿಂದ ಸ್ವಿಚ್ಚು ಬಿಟ್ಟಾಗ ಎದ್ದ ಕಿಡಿ ತಾನಾಗಿ ಆರುತ್ತದೆ. ಸೋಲಾರ್ ಫಲಕದಿಂದ ಬರುವುದು ಡಿ.ಸಿ., ಅದು ಸೊನ್ನೆಗೆ ಬರುವುದೇ ಇಲ್ಲ. ನಿಧಾನವಾಗಿ ಬಿಚ್ಚಿದರೆ ಕಿಡಿ ಹಗ್ಗದಂತೆ ಉದ್ದವಾಗಿ ಉರಿಯುತ್ತಲೇ ಇರುತ್ತದೆ. ಎಷ್ಟೋ ಸ್ವಿಚ್ಚುಗಳ ಮೇಲೆ 250 ವೋಲ್ಟ್ ಎ.ಸಿ. ಎಂದು ಬರೆದು ಅದರ ಪಕ್ಕದಲ್ಲೇ 30 ವೋಲ್ಟ್ ಡಿ.ಸಿ. ಎಂದಷ್ಟೇ ಬರೆದಿರುವುದನ್ನು ಕಾಣಬಹುದು. ಫಲಕಗಳನ್ನು ಸಾಲಾಗಿ ಜೋಡಿಸಿದಾಗ ನೂರಾರು ವೋಲ್ಟ್ ಡಿ.ಸಿ. ಇರುತ್ತದೆ. ಅದಕ್ಕಾಗಿಯೇ ಮಾಡಿದ ತಿರುಗಿಸುವ ಡಿ.ಸಿ. ಐಸೊಲೇಟರಿನಲ್ಲಿ ನಾವು ತಿರುಗಿಸಿದಾಗ ಮೊದಲು ಒಳಗಿನ ಸ್ಪ್ರಿಂಗು ಬಿಗಿಯುತ್ತದೆ. ಒಂದು ಹಂತ ದಾಟಿದ ಮೇಲೆ ಆ ಸ್ಪ್ರಿಂಗೇ ಸಂಪರ್ಕವನ್ನು ಚಟ್ಟನೆ ಕಿತ್ತುಬಿಡುತ್ತದೆ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯಡಿ ಹೊಲಗಳಿಗೆ ಸೋಲಾರ್ ಪಂಪುಗಳು ಬರುತ್ತಿವೆ. ಐಸೊಲೇಟರ್ ಕೆಟ್ಟರೆ ಅದರ ಜಾಗದಲ್ಲಿ ಮನೆಯ ಸ್ವಿಚ್ಚನ್ನು ಕೂರಿಸುವ ಆಸೆ ಯಾರಿಗೂ ಬರಬಾರದು.

ತಿರುಗುವ ಬಿಲ್ಲೆಯಿಂದ ಅಂಕಿ, ಅಕ್ಷರ ಜೋಡಿಸುವ ಯೋಚನೆ ಬಹಳ ಹಳೆಯದು. 1206ರಲ್ಲಿ ಯಂತ್ರಗಳ ಬಗ್ಗೆ ಪ್ರಸಿದ್ಧ ಗ್ರಂಥವನ್ನು ಮುಗಿಸಿದ ಅಲ್-ಜಝರಿ, ಅಕ್ಷರಗಳಿರುವ ಬಿಲ್ಲೆಗಳನ್ನು ಸರಿಯಾಗಿ ತಿರುಗಿಸಿದರೆ ಮಾತ್ರ ತೆರೆಯುವ ಪೆಟ್ಟಿಗೆಯ ಬೀಗವನ್ನು ಅದರಲ್ಲಿ ವಿವರಿಸಿದ್ದಾನೆ. ಅದರ ದೂರದ ಸಂಬಂಧಿಯೊಂದನ್ನು ಇಲ್ಲಿ ಕುಳಿತಿರುವ ಗುರುಗಳು ಚುನಾವಣಾ ಕರ್ತವ್ಯದಲ್ಲಿ ನೋಡಿರುತ್ತಾರೆ. ಮತಯಂತ್ರಗಳನ್ನು ತಯಾರಿಸುವುದು ಎರಡು ಸಂಸ್ಥೆಗಳು: 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಹಾಗೂ ಹೈದರಾಬಾದಿನ ಇಸಿಐಎಲ್. ಒಂದು ಬ್ಯಾಲಟ್ ಯೂನಿಟ್ಟಿನಲ್ಲಿ ಹದಿನಾರು ಹೆಸರು. ಅದಕ್ಕಿಂತ ಹೆಚ್ಚಾದರೆ ಎರಡನೆಯ, ಮೂರನೆಯ ಯೂನಿಟ್ಟು ಜೋಡಿಸಬೇಕು. ತಾನು ಎಷ್ಟನೆಯವನು ಎಂದು ಪ್ರತಿಯೊಂದು ಯೂನಿಟ್ಟಿಗೂ ತಿಳಿದಿರಬೇಕು. ಅದಕ್ಕಾಗಿ ಒಳಗೆ ಹೆಬ್ಬೆರಳಿನಿಂದ ತಿರುಗಿಸುವ ಅಂಕಿಯ ಗಾಲಿ ಇರುತ್ತದೆ, ಹೆಸರು ಥಂಬ್‌ವೀಲ್ ಸ್ವಿಚ್. ಮೊದಲನೆಯದಕ್ಕೆ 01, ಎರಡನೆಯದಕ್ಕೆ 02. ಹಳೆಯ ಮಾದರಿಯಲ್ಲಿ ಗರಿಷ್ಠ ನಾಲ್ಕು ಯೂನಿಟ್ಟು, ಅಂದರೆ 64 ಹೆಸರು. ಎಂ-3 ಮಾದರಿಯಲ್ಲಿ 24 ಯೂನಿಟ್ಟು, 384 ಹೆಸರು. 2019ರಲ್ಲಿ ನಿಜಾಮಾಬಾದಿನಲ್ಲಿ 185 ಅಭ್ಯರ್ಥಿಗಳು ನಿಂತಾಗ ಒಂದೊಂದು ಮತಗಟ್ಟೆಯಲ್ಲೂ ಹನ್ನೆರಡು ಯೂನಿಟ್ಟು ಜೋಡಿಸಬೇಕಾಯಿತು. 1996ರ ಬೆಳಗಾವಿಯಂತೆ 456 ಜನ ನಿಂತರೆ ಈ ಯಂತ್ರವೂ ಸಾಲದು, ಅದು ಬೇರೆ ಮಾತು.

ಆ ಗಾಲಿಯ ವಿನ್ಯಾಸದಲ್ಲಿ ನನಗೆ ಹಿಡಿಸಿದ್ದು ಇಷ್ಟು: ಅಂಕಿ ಹೊರಗಿನ ಕಿಟಕಿಯಲ್ಲಿ ಎಲ್ಲರಿಗೂ ಕಾಣುತ್ತದೆ, ತಿರುಗಿಸುವ ಜಾಗ ಮಾತ್ರ ಸೀಲಿನ ಒಳಗಿರುತ್ತದೆ. ನೋಡಲು ಎಲ್ಲರಿಗೂ ಹಕ್ಕು, ಮುಟ್ಟಲು ಒಬ್ಬರಿಗೇ ಅಧಿಕಾರ. ವಿವಿಪ್ಯಾಟ್ ಯಂತ್ರದ ಬೆನ್ನಿಗೆ ಇನ್ನೊಂದು ನಾಬ್ ಇದೆ, ಕಾಗದದ ಸುರುಳಿಯನ್ನು ಬಿಗಿಯುವುದು. ಸಾಗಿಸುವಾಗ ಅದು ಅಡ್ಡವಾಗಿರಬೇಕು, ಕೆಲಸ ಮಾಡುವಾಗ ನೆಟ್ಟಗಿರಬೇಕು. ಮಲಗಿದರೆ ವಿಶ್ರಾಂತಿ, ಎದ್ದು ನಿಂತರೆ ಕೆಲಸ. ರಾತ್ರಿಯಿಡೀ ನಿದ್ದೆಯಿಲ್ಲದ ಮತಗಟ್ಟೆ ಅಧಿಕಾರಿಗೂ ಮರೆಯಲಾಗದ ಗುರುತು.

ನಾಬಿನ ಆಕಾರಕ್ಕೆ ಬೆಲೆ ಇರುವುದೂ ಇದೇ ಕಾರಣಕ್ಕೆ. ಗುಂಡಗಿನ ನಾಬಿನ ಮೇಲೆ ಬಿಳಿ ಚುಕ್ಕೆ ಬರೆದರೆ ಎರಡು ವರ್ಷದಲ್ಲಿ ಅಳಿಸಿಹೋಗುತ್ತದೆ. ಹಕ್ಕಿಯ ಕೊಕ್ಕಿನಂತೆ ಒಂದೇ ಕಡೆ ಚೂಪಾಗಿದ್ದರೆ ಕತ್ತಲೆಯಲ್ಲೂ, ಕಣ್ಣಿಲ್ಲದವರಿಗೂ ಬೆರಳೇ ತಿಳಿಸುತ್ತದೆ. ಶಾಫ್ಟಿನ ಒಂದು ಬದಿಯನ್ನು ಸಮತಟ್ಟಾಗಿ ಕತ್ತರಿಸಿದ್ದರೆ ನಾಬ್ ಒಂದೇ ರೀತಿ ಕೂರುತ್ತದೆ. ಸುತ್ತಲೂ ಹಲ್ಲುಗಳಿದ್ದರೆ ರಿಪೇರಿ ಮಾಡಿದವರು ಒಂದು ಹಲ್ಲು ಹಿಂದೆ ಮುಂದೆ ಕೂರಿಸಿ, ಮೂರೆಂದು ತೋರಿಸುವ ಕಡೆ ನಾಲ್ಕು ಓಡುತ್ತದೆ.

ಎಲ್ಲವೂ ಟಚ್ ಸ್ಕ್ರೀನ್ ಆಗುತ್ತಿರುವ ಕಾಲದಲ್ಲಿ ಈ ಹಳೆಯ ವಿದ್ಯೆ ಯಾಕೆ ಎಂದು ಕೇಳುವವರಿದ್ದಾರೆ. 2017ರ ಆಗಸ್ಟ್‌ನಲ್ಲಿ ಸಿಂಗಾಪುರದ ಬಳಿ ಜಾನ್ ಎಸ್. ಮೆಕೇನ್ ಎಂಬ ಅಮೆರಿಕದ ಯುದ್ಧನೌಕೆ ತೈಲನೌಕೆಗೆ ಡಿಕ್ಕಿ ಹೊಡೆದು ಹತ್ತು ನಾವಿಕರು ಸತ್ತರು. ಚುಕ್ಕಾಣಿ ಮತ್ತು ವೇಗದ ನಿಯಂತ್ರಣ ಯಾವ ಪರದೆಯ ವಶದಲ್ಲಿದೆ ಎಂಬ ಗೊಂದಲ ಆ ಅಪಘಾತದ ಕಾರಣಗಳಲ್ಲೊಂದೆಂದು ತನಿಖೆಯಲ್ಲಿ ಬಂತು. 2019ರಲ್ಲಿ ಅಮೆರಿಕದ ನೌಕಾಪಡೆ ವೇಗದ ನಿಯಂತ್ರಣಕ್ಕೆ ಪರದೆ ಬಿಟ್ಟು ಕೈಯಲ್ಲಿ ಹಿಡಿಯುವ ಹಿಡಿಕೆಗೆ ಮರಳುವುದಾಗಿ ಪ್ರಕಟಿಸಿತು. ಪರದೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನನ್ನ ಕಿಸೆಯಲ್ಲೂ ಒಂದು ಇದೆ. ಆದರೆ ಇಂಡಕ್ಷನ್ ಒಲೆಯ ನುಣುಪಾದ ಗಾಜಿನ ಮೇಲೆ ದೃಷ್ಟಿಯಿಲ್ಲದ ಒಬ್ಬ ತಾಯಿ ಉರಿಯನ್ನು ಹೇಗೆ ಕಡಿಮೆ ಮಾಡಬೇಕು? ಅದಕ್ಕೆ ಉತ್ತರ ಹುಡುಕುವ ಇಂಜಿನಿಯರ್ ನಮ್ಮ ಹುಡುಗಿಯರಲ್ಲಿ ಒಬ್ಬಳಾದರೆ ಬೇಡವೆನ್ನುವವರು ಯಾರು?

ಸಮಯ ಮೀರಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪಕ್ಕದ ಮೇಜಿನ ಮೇಲೆ ಕೆಟ್ಟುಹೋದ ಮೂರು ಮಲ್ಟಿಮೀಟರ್, ಒಂದು ಮಿಕ್ಸಿಯ ಸ್ವಿಚ್ಚು, ಬಿಚ್ಚಿಟ್ಟ ಒಂದು ಆಮ್ಮೀಟರ್ ಸ್ವಿಚ್ಚು ಇಟ್ಟಿದ್ದೇನೆ. ಊಟದ ನಂತರ ಬಂದು ಬಿಚ್ಚಿ ನೋಡಬಹುದು. ಬ್ಯಾಟರಿ ತೆಗೆದಿದ್ದೇನೆ, ಹೆದರಬೇಕಾಗಿಲ್ಲ. ಮೀಟರ್ ಬಿಚ್ಚುವ ಮುಂಚೆ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ನಾಬಿನ ಅಂಚಿನಲ್ಲಿ ಎರಡು ಉಕ್ಕಿನ ಗುಂಡು, ಎರಡು ಸ್ಪ್ರಿಂಗು ಇರುತ್ತವೆ. ಮುಚ್ಚಳ ಎತ್ತಿದೊಡನೆ ಅವು ಹಾರುತ್ತವೆ, ನೆಲಕ್ಕೆ ಬಿದ್ದರೆ ಸಿಗುವುದು ಕಷ್ಟ.